ದವಾಖಾನಿ ಮುಟ್ಟುವ ತನಕ



ಶಿರೋಳ ತಾಲ್ಲೂಕಿನ ದತ್ತವಾಡದಲ್ಲಿ ದೂಧಗಂಗೆಯ ದಂಡೆಯ ಮೇಲೆ ನಿಂತು ನೀವು 108 ಒತ್ತಿದಿರಿ ಎನ್ನಿ. ಈ ದಂಡೆ ಮಹಾರಾಷ್ಟ್ರ, ಆ ದಂಡೆ ಕರ್ನಾಟಕ. ಎರಡೂ ರಾಜ್ಯಗಳಲ್ಲಿ ಆಂಬುಲೆನ್ಸಿನ ಸಂಖ್ಯೆ ಒಂದೇ. ಕರ್ನಾಟಕದಲ್ಲಿ 2008ರಿಂದ, ಮಹಾರಾಷ್ಟ್ರದಲ್ಲಿ 2014ರಿಂದ ಈ 108 ಓಡುತ್ತಿದೆ. ಆದರೆ ನಿಮ್ಮ ಮೊಬೈಲು ಆ ಹೊತ್ತಿನಲ್ಲಿ ಯಾವ ದಂಡೆಯ ಟವರನ್ನು ಹಿಡಿದಿದೆಯೋ ಆ ರಾಜ್ಯದ ಕೇಂದ್ರಕ್ಕೇ ಕರೆ ಹೋಗಿಬಿಡಬಹುದು. ಫೋನೆತ್ತಿದವರಿಗೆ ನೀವು ಗಾಬರಿಯಲ್ಲಿ "ಶಿರೋಳದಿಂದ ಮಾತಾಡಾಕತ್ತೀನ್ರಿ" ಅಂದರೆ ಅವರು ಯಾವ ಶಿರೋಳ ಎಂದು ತಿಳಿಯಬೇಕು? ಮುಧೋಳ ತಾಲ್ಲೂಕಿನಲ್ಲಿ ಒಂದು ಶಿರೋಳ ಇದೆ, ನರಗುಂದ ತಾಲ್ಲೂಕಿನಲ್ಲಿ ಇನ್ನೊಂದು. ಕೊಲ್ಲಾಪುರದ ಹೆದ್ದಾರಿಯ ಮಗ್ಗುಲಿಗೆ ಶಿರೋಲಿ ಇದೆ, ಸಾಂಗಲಿ ಜಿಲ್ಲೆಯಲ್ಲಿ ನಾಗರಪಂಚಮಿಗೆ ಹೆಸರಾದ ಶಿರಾಳ ಇದೆ. ನಮ್ಮ ತಾಲ್ಲೂಕಿನ ರಾಜಾಪುರ, ಟಾಕಳಿಗಳ ಪಾಡೂ ಇದೇ.

ಆದ್ದರಿಂದ ಗಡಿಯ ಊರುಗಳಲ್ಲಿ ಇರುವವರು ಫೋನಿನಲ್ಲಿ ಹೇಳಬೇಕಾದ ಕ್ರಮ ಬೇರೆ. ಮೊದಲು ರಾಜ್ಯ, ಆಮೇಲೆ ಜಿಲ್ಲೆ, ತಾಲ್ಲೂಕು, ಊರು, ಕಡೆಗೆ ಗುರುತು. "ಮಹಾರಾಷ್ಟ್ರ, ಕೊಲ್ಲಾಪುರ ಜಿಲ್ಲೆ, ಶಿರೋಳ ತಾಲ್ಲೂಕು, ದಾನವಾಡ, ಬಸ್ಸು ನಿಲ್ಲುವ ಜಾಗದಿಂದ ಹೊಳೆಯ ಕಡೆಗೆ." ನಂತರ ಏನಾಗಿದೆ, ಎಷ್ಟು ಜನರಿಗೆ ಆಗಿದೆ, ಎಚ್ಚರ ಇದೆಯೇ, ಉಸಿರು ಇದೆಯೇ. ನೀವಾಗಿ ಫೋನು ಇಡಬೇಡಿ, ಅವರು ಇಡಲಿ. ಸ್ಪೀಕರ್ ಹಾಕಿ ನೆಲದ ಮೇಲಿಟ್ಟರೆ ಎರಡೂ ಕೈ ಖಾಲಿ ಇರುತ್ತವೆ, ಆ ಕಡೆಯಿಂದ ಹೇಳುವುದನ್ನು ಕೇಳುತ್ತ ಕೆಲಸ ಮಾಡಬಹುದು. ದಾರಿ ತೋರಿಸಲು ಊರಿನ ಹುಡುಗನೊಬ್ಬನನ್ನು ಹೆಸರು ಹಿಡಿದು ಕರೆದು ಬೈಕಿನ ಮೇಲೆ ಊರ ಕಡೆ ತಿರುಗುವ ಫಾಟಾಕ್ಕೆ ಕಳಿಸಿ. ಕಬ್ಬು ಆಳೆತ್ತರ ನಿಂತ ತಿಂಗಳುಗಳಲ್ಲಿ ಹೊಸ ಚಾಲಕನಿಗೆ ಹೊಲದ ದಾರಿಗಳೆಲ್ಲ ಒಂದೇ ಥರ ಕಾಣುತ್ತವೆ. 108 ಸಿಗದಿದ್ದರೆ 112 ಇದೆ.

ಇವತ್ತು ನಾನು ಮಾತಾಡಬೇಕೆಂದಿರುವುದು ವೈದ್ಯರ ಕೆಲಸದ ಬಗ್ಗೆ ಅಲ್ಲ. ಮಿರಜಿನಲ್ಲಿ 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಕಟ್ಟಿದ ಆಸ್ಪತ್ರೆಯ ಕಾಲದಿಂದಲೂ ನಮ್ಮ ಭಾಗದ ಜನಕ್ಕೆ ಒಂದು ಧೈರ್ಯವಿದೆ: ಏನೇ ಆಗಲಿ, ಮಿರಜಿಗೆ ಒಯ್ದರೆ ಆಯಿತು. ಆ ಧೈರ್ಯ ಸುಳ್ಳೇನೂ ಅಲ್ಲ. ಆದರೆ ಮಿರಜು ಮುಟ್ಟುವ ತನಕದ ಮುಕ್ಕಾಲು ತಾಸು, ಒಂದು ತಾಸು ಯಾರದು? ಪಕ್ಕದಲ್ಲಿ ನಿಂತಿದ್ದವರದು. ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸಗಳು ಬೆರಳೆಣಿಕೆಯಷ್ಟು. ಮಾಡಬಾರದ ಕೆಲಸಗಳೇ ಹೆಚ್ಚು, ನಮ್ಮ ಜನ ಮಾಡುವುದೂ ಅವನ್ನೇ ಹೆಚ್ಚು.

ಎದೆಯಿಂದ ಶುರು ಮಾಡೋಣ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಗಡಿಯ ಈಚೆಯ ಕನ್ನಡ ಮನೆಗಳಲ್ಲೂ ಜನ ಅತ್ತರು. 46ರ ವಯಸ್ಸು, ವ್ಯಾಯಾಮದ ಮೈ. ಅದಾದ ಮೇಲೆ ತಿಂಗಳುಗಟ್ಟಲೆ ಹೃದಯದ ದವಾಖಾನೆಗಳ ಮುಂದೆ ಯುವಕರ ಸಾಲು ನಿಂತಿತ್ತು. ಕರ್ನಾಟಕ ಸರಕಾರ 2024ರಲ್ಲಿ ಅವರ ಹೆಸರಿನಲ್ಲೇ ಹೃದಯಜ್ಯೋತಿ ಯೋಜನೆ ತಂದಿತು; ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಕೇಂದ್ರದ ತಜ್ಞರಿಗೆ ತೋರಿಸಿ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಅಲ್ಲಿಯೇ ಕೊಡುವ ವ್ಯವಸ್ಥೆ ಅದು. ಒಳ್ಳೆಯ ಕೆಲಸ. ಆದರೆ ಆ ಇಂಜೆಕ್ಷನ್ ಫಲ ಕೊಡಬೇಕಾದರೆ ಮನುಷ್ಯ ಬೇಗ ಅಲ್ಲಿಗೆ ಮುಟ್ಟಬೇಕು. ನಮ್ಮಲ್ಲಿ ತಡವಾಗುವುದು ರಸ್ತೆಯ ಮೇಲಲ್ಲ, ಮನೆಯ ಪಡಸಾಲೆಯಲ್ಲಿ. "ಗ್ಯಾಸ್ ಆಗೇತಿ", "ರಾತ್ರಿ ಭಜಿ ತಿಂದಿದ್ದೆ", "ಸೋಡಾ ಕುಡಿದರ ಹೋಗತೈತಿ." ಹೀಗೆ ಎರಡು ತಾಸು ಕಳೆದುಹೋಗುತ್ತವೆ.

ಎದೆಯ ನಡುವೆ ಭಾರ ಹೇರಿದಂತೆ, ಹಿಂಡಿದಂತೆ ಆಗಿ ಹತ್ತು ಹದಿನೈದು ನಿಮಿಷವಾದರೂ ಬಿಡದಿದ್ದರೆ, ಆ ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ತಣ್ಣನೆಯ ಬೆವರು ಬಂದರೆ, ಅದನ್ನು ಹೃದಯದ್ದೇ ಎಂದು ತಿಳಿಯಿರಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಮೇಲುಸಿರು ಇರಬಹುದು. ಆಮೇಲೆ ಅದು ಗ್ಯಾಸೇ ಆಗಿತ್ತೆಂದು ಡಾಕ್ಟರು ಹೇಳಿದರೆ ನಕ್ಕು ಮನೆಗೆ ಬನ್ನಿ, ಹೋದದ್ದು ಒಂದಿಷ್ಟು ದುಡ್ಡು ಮಾತ್ರ. ರೋಗಿಯನ್ನು ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ, ತಾನೇ ಬೈಕು ಹೊಡೆದುಕೊಂಡು ಹೋಗುತ್ತೇನೆಂದರೆ ಕೀಲಿ ಕಸಿದುಕೊಳ್ಳಿ. ಒರಗಿಸಿ ಕೂರಿಸಿ. ಆಸ್ಪಿರಿನ್ ಮನೆಯಲ್ಲಿದ್ದರೆ ಫೋನಿನಲ್ಲಿರುವವರನ್ನು ಕೇಳಿ. ಅಲರ್ಜಿಯೋ ರಕ್ತಸ್ರಾವವೋ ಇಲ್ಲದವರಿಗೆ ಅದನ್ನು ಅಗಿದು ನುಂಗಲು ಅವರು ಹೇಳಬಹುದು.

ಇನ್ನು ಮನುಷ್ಯ ಕುಸಿದು ಬಿದ್ದೇಬಿಟ್ಟ. ಭುಜ ತಟ್ಟಿ ಜೋರಾಗಿ ಕೂಗಿದರೂ ಓಗೊಡಲಿಲ್ಲ. ಎದೆ ಏರಿಳಿಯುತ್ತಿದೆಯೇ ಎಂದು ಹತ್ತು ಸೆಕೆಂಡು ನೋಡಿ, ಅದಕ್ಕಿಂತ ಹೆಚ್ಚು ಬೇಡ. ಇಲ್ಲಿ ಒಂದು ಮೋಸವಿದೆ. ಹೃದಯ ನಿಂತ ಮೇಲೂ ಕೆಲವು ನಿಮಿಷ ಬಾಯಿ ತೆರೆದು ತೆರೆದು, ಬಿಟ್ಟು ಬಿಟ್ಟು ಗೊರಕೆಯಂಥ ಉಸಿರು ಬರಬಹುದು. ನಮ್ಮವರು ಅದನ್ನು ನೋಡಿ "ಜೀವ ಐತಿ, ಉಸರಾಡಾಕತ್ತಾನ" ಎಂದು ಸುಮ್ಮನೆ ಬಾಯಿಗೆ ನೀರು ಬಿಡುತ್ತಾರೆ. ಅದು ಉಸಿರಲ್ಲ. ಅಂಥವನಿಗೆ ನೀರು ಹಾಕಿದರೆ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಒಂದು ಅಂಗೈಯ ಹಿಮ್ಮಡಿ ಇಟ್ಟು, ಅದರ ಮೇಲೆ ಇನ್ನೊಂದು ಕೈ ಹೆಣೆದು, ಮೊಣಕೈ ಮಡಿಸದೆ ಒತ್ತಬೇಕು. ಎರಡು ಇಂಚು ಇಳಿಯುವಷ್ಟು, ಅಂದರೆ 5ರಿಂದ 6 ಸೆಂಟಿಮೀಟರು. ನಿಮಿಷಕ್ಕೆ 100ರಿಂದ 120 ಸಲ. ಗಡಿಯಾರದ ಮುಳ್ಳು ಒಂದು ಸೆಕೆಂಡು ಸರಿಯುವಷ್ಟರಲ್ಲಿ ಹೆಚ್ಚುಕಡಿಮೆ ಎರಡು ಒತ್ತು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಎರಡು ನಿಮಿಷಕ್ಕೆ ಯಾರಿಗೇ ಆಗಲಿ ಕೈ ಸೋಲುತ್ತದೆ, ಅದಕ್ಕೆ ಆಳು ಬದಲಾಗುತ್ತಿರಬೇಕು. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸಬೇಡಿ. ಮುರಿದ ಎಲುಬು ಕೂಡುತ್ತದೆ.

ಈ ವಿದ್ಯೆ ಎಲ್ಲಿಂದ ಬಂತೆಂದರೆ, ಕರೆಂಟಿನಿಂದ. ಅಮೆರಿಕದ ಬಾಲ್ಟಿಮೋರಿನಲ್ಲಿ ವಿಲಿಯಂ ಕೌವೆನ್‌ಹೋವನ್ ಎಂಬ ವಿದ್ಯುತ್ ಎಂಜಿನಿಯರು ತಂತಿ ಕೆಲಸದವರು ಶಾಕ್ ಹೊಡೆದು ಸಾಯುವುದನ್ನು ತಡೆಯುವ ಬಗೆ ಹುಡುಕುತ್ತಿದ್ದರು. ಅವರು, ಅವರ ಜೊತೆಗಿದ್ದ ಜೂಡ್ ಮತ್ತು ನಿಕರ್‌ಬಾಕರ್ ಸೇರಿ, ಎದೆ ಸೀಳದೆ ಹೊರಗಿನಿಂದ ಒತ್ತಿಯೇ ರಕ್ತ ಹರಿಸಬಹುದೆಂದು 1960ರಲ್ಲಿ ಜಗತ್ತಿಗೆ ತಿಳಿಸಿದರು. ಅದಕ್ಕೂ ಮೊದಲು ಈ ಕೆಲಸಕ್ಕೆ ಶಸ್ತ್ರವೈದ್ಯ ಬೇಕಿತ್ತು, ಚಾಕು ಬೇಕಿತ್ತು. ಈಗ ಹತ್ತನೆಯ ಇಯತ್ತೆಯ ಹುಡುಗಿ ಮಾಡಬಹುದು. ತರಬೇತಿ ಇಲ್ಲದವರು ಬಾಯಿಗೆ ಬಾಯಿಟ್ಟು ಊದಲು ಅಳುಕುತ್ತಾರೆ. ಭಾರತದ ಅರಿವಳಿಕೆ ತಜ್ಞರು ಇದನ್ನು ಅರಿತೇ ನಮ್ಮ ಜನಸಾಮಾನ್ಯರಿಗೆ ಬರೀ ಎದೆ ಒತ್ತುವ ಕ್ರಮವನ್ನು ರೂಪಿಸಿದ್ದಾರೆ. ದೊಡ್ಡವರು ಹಠಾತ್ತನೆ ಕುಸಿದಾಗ ಅಷ್ಟು ಸಾಕು. ಮಾಡದೆ ಬಿಟ್ಟ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಸುಮಾರು ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಜಯಸಿಂಗಪುರದಿಂದ ಆಂಬುಲೆನ್ಸು ಎಷ್ಟೇ ವೇಗವಾಗಿ ಬಂದರೂ ಹೊಳೆಸಾಲಿನ ಹಳ್ಳಿಗೆ ಆ ಲೆಕ್ಕದೊಳಗೆ ಮುಟ್ಟುವುದಿಲ್ಲ.

ಹೆಂಗಸು ಬಿದ್ದಾಗ ಗಂಡಸರು ದೂರ ನಿಂತು "ಯಾರರೆ ಹೆಣ್ಣಮಕ್ಕಳನ್ನ ಕರೀರಿ" ಅನ್ನುವುದನ್ನು ನಾನು ಕಂಡಿದ್ದೇನೆ. ಆ ಸಂಕೋಚಕ್ಕೆ ಅದು ಹೊತ್ತಲ್ಲ, ಅಷ್ಟೇ ಹೇಳುತ್ತೇನೆ.

ಹೊಳೆಗೆ ಬರೋಣ. ಕೃಷ್ಣಾ, ಪಂಚಗಂಗಾ, ದೂಧಗಂಗಾ ಮೂರೂ ಸುತ್ತಿಕೊಂಡ ತಾಲ್ಲೂಕು ಇದು. ನರಸೋಬಾವಾಡಿಯಲ್ಲಿ ಸಂಗಮದ ನೀರು ಗುಡಿಯೊಳಗೆ ಹರಿದು ದಕ್ಷಿಣ ಬಾಗಿಲಿನಿಂದ ಹೊರಟಾಗ ಅದನ್ನು ಹಬ್ಬವೆಂದು ಮೀಯುವ ಜನ ನಾವು. 2005, 2019, 2021, ಈ ಮೂರು ವರ್ಷಗಳ ಮಹಾಪೂರವನ್ನು ಇಲ್ಲಿಯ ಮಕ್ಕಳೂ ಹೇಳಬಲ್ಲರು. 2019ರ ಆಗಸ್ಟ್‌ನಲ್ಲಿ ಊರಿಗೆ ಊರೇ ನಡುಗಡ್ಡೆಯಾಗಿ, ಸೈನ್ಯದ, ನೌಕಾಪಡೆಯ ದೋಣಿಗಳು ಬರುವ ತನಕ ಜನ ಮಾಳಿಗೆಯ ಮೇಲೆ ಕುಳಿತರು. ಅದೇ ವಾರ ನೆರೆಯ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ, ಮಿತಿಮೀರಿ ಜನ ಹತ್ತಿದ ದೋಣಿ ಮಗುಚಿತು. 2024ರ ಆಗಸ್ಟ್ ಆರಂಭದಲ್ಲಿ ನಮ್ಮದೇ ಅಕಿವಾಟ-ಬಸ್ತವಾಡ ರಸ್ತೆಯ ಮೇಲೆ ನೆರೆನೀರಿಗೆ ಇಳಿದ ಟ್ರ್ಯಾಕ್ಟರ್ ಟ್ರಾಲಿ ಮಗುಚಿ ಜೀವಗಳು ಹೋದವು. ಟ್ರ್ಯಾಕ್ಟರು ಭಾರ, ಅದಕ್ಕೇನೂ ಆಗದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮೊಣಕಾಲ ಮಟ್ಟದ ಓಡುವ ನೀರು ಗಟ್ಟಿ ಮನುಷ್ಯನ ಕಾಲು ಕೀಳುತ್ತದೆ, ಎರಡು ಅಡಿ ನೀರು ಕಾರನ್ನು ತೇಲಿಸುತ್ತದೆ. ಕೆಸರು ನೀರಿನ ಕೆಳಗೆ ರಸ್ತೆಯೇ ಉಳಿದಿದೆಯೋ ಇಲ್ಲವೋ ಯಾರು ಬಲ್ಲರು?

ಮುಳುಗುವವನು ಸಿನಿಮಾದಲ್ಲಿಯಂತೆ ಕೂಗುವುದಿಲ್ಲ. ಉಸಿರಿಗೇ ಹೊತ್ತು ಸಾಲದು, ಕೂಗುವುದೆಲ್ಲಿ ಬಂತು? ಬಾಯಿ ನೀರಿನ ಮಟ್ಟಕ್ಕೆ, ತಲೆ ಹಿಂದಕ್ಕೆ, ಕೈಗಳು ಏಣಿ ಹತ್ತುವವನಂತೆ. ಸದ್ದಿಲ್ಲದೆ ಮುಗಿಯುತ್ತದೆ. ಈಜು ಬಲ್ಲವನೂ ಒಮ್ಮೆಲೇ ಹಾರಬಾರದು, ಯಾಕೆಂದರೆ ಮುಳುಗುವವನು ಬಂದವನ ಕೊರಳನ್ನೇ ಹಿಡಿಯುತ್ತಾನೆ. ಅಣ್ಣನನ್ನು ಉಳಿಸಲು ಹೋದ ತಮ್ಮ, ಅವನ ಹಿಂದೆ ಗೆಳೆಯ, ಹೀಗೆ ಒಂದೇ ಮಡುವಿನಲ್ಲಿ ಮೂವರು ಹೋದ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಹಗ್ಗ ಎಸೆಯಿರಿ, ಬಿದಿರು ಚಾಚಿ, ಸೀರೆಯಾದರೂ ಸರಿ. ಬಿಗಿದ ಮುಚ್ಚಳದ ಖಾಲಿ ಡೀಸೆಲ್ ಕ್ಯಾನು, ಟ್ರ್ಯಾಕ್ಟರಿನ ಟ್ಯೂಬು ತೇಲುತ್ತವೆ. ಹೊಳೆಯ ಮೋಟಾರು ಮನೆಗಳಲ್ಲಿ ಇವು ಇದ್ದೇ ಇರುತ್ತವೆ.

ಮೇಲೆ ತಂದ ಮೇಲೆ ಏನು ಮಾಡುತ್ತೇವೆ? ಹೊಟ್ಟೆ ಒತ್ತುತ್ತೇವೆ. ಕಾಲು ಹಿಡಿದು ತಲೆಕೆಳಗು ಮಾಡುತ್ತೇವೆ, ಹೆಗಲ ಮೇಲೆ ಹೊತ್ತು ಗರಗರ ತಿರುಗಿಸುತ್ತೇವೆ. ಹೊಟ್ಟೆಯೊಳಗಿನ ನೀರು ಯಾರನ್ನೂ ಕೊಲ್ಲುವುದಿಲ್ಲ. ಅದನ್ನು ಒತ್ತಿ ಮೇಲೆ ತಂದರೆ ಶ್ವಾಸನಾಳಕ್ಕೆ ಇಳಿದು ಕೊಲ್ಲುತ್ತದೆ. ಮುಳುಗಿದವನಿಗೆ ಬೇಕಾದದ್ದು ಗಾಳಿ. ಆದ್ದರಿಂದ ಇವನಿಗೆ ಬರೀ ಎದೆ ಒತ್ತಿದರೆ ಸಾಲದು. ತಲೆ ಹಿಂದೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಎದೆ ಏಳುವಂತೆ ಮೊದಲು ಬಾಯಿಂದ ಊದಬೇಕು, ಆಮೇಲೆ 30 ಒತ್ತು, 2 ಊದು. ಮಕ್ಕಳ ವಿಷಯದಲ್ಲೂ ಇದೇ ಕ್ರಮ. ಎಚ್ಚರವಾಗಿ ಎದ್ದು ಕುಳಿತರೂ ಆಸ್ಪತ್ರೆಗೆ ಒಯ್ಯಲೇಬೇಕು, ಕೆಲವು ತಾಸುಗಳ ನಂತರ ಉಸಿರು ಕೆಡುವುದುಂಟು.

ಇನ್ನೊಂದು ಮಾತು, ಹೇಳಲು ಸಂಕಟವಾಗುತ್ತದೆ. ಬಳ್ಳಾರಿ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಕೆಲವು ವರ್ಷಗಳ ಹಿಂದೆ, ನೀರಿನಲ್ಲಿ ಮುಳುಗಿ ಸತ್ತ ಮಕ್ಕಳನ್ನು ತಂದೆತಾಯಿ ಉಪ್ಪಿನ ರಾಶಿಯಲ್ಲಿ ಹುಗಿದು ತಾಸುಗಟ್ಟಲೆ ಕಾದರು. ಹಾಗೆ ಮಾಡಿದರೆ ಜೀವ ಬರುತ್ತದೆಂದು ವಾಟ್ಸಪ್ಪಿನಲ್ಲಿ ಬಂದಿತ್ತು. ಆ ತಂದೆತಾಯಿಯನ್ನು ನಾನು ಹಳಿಯಲಾರೆ. ಆ ಸಂದೇಶವನ್ನು ಓದದೆ ಮುಂದಕ್ಕೆ ತಳ್ಳಿದ ಸಾವಿರಾರು ಹೆಬ್ಬೆರಳುಗಳನ್ನು ಹಳಿಯುತ್ತೇನೆ.

ಕಬ್ಬು ಮತ್ತು ಹಾವು ಬಿಟ್ಟಿರಲಾರವು. ಇಲಿ ಇದ್ದಲ್ಲಿ ಹಾವು, ಕಬ್ಬಿದ್ದಲ್ಲಿ ಇಲಿ. ಹಂಗಾಮಿನಲ್ಲಿ ಬೀಡ ಕಡೆಯಿಂದ ಬರುವ ಕಬ್ಬು ಕಡಿಯುವ ಜನ ನೆಲದ ಮೇಲೆ, ಜೋಪಡಿಯಲ್ಲಿ ಮಲಗುತ್ತಾರೆ. ನಸುಕಿನಲ್ಲೇ ಹೊಲಕ್ಕೆ ಇಳಿಯುತ್ತಾರೆ. ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತರೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಸರಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತು. ಅಂತೂ ಸರಕಾರಗಳು ಎಣಿಸಲು ತೊಡಗಿವೆ.

ಕೊಲ್ಲುವ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮಲ್ಲಿ ಮರಾಠಿಯ ಹೆಸರುಗಳೇ ಬಳಕೆ, ಕಟ್ಟುಹಾವಿಗೆ ಮಣ್ಯಾರ, ಕೊಳಕುಮಂಡಲಕ್ಕೆ ಘೋಣಸ, ಗರಗಸ ಮಂಡಲಕ್ಕೆ ಫುರಸೆ. ಘೋಣಸ ಕಡಿದರೆ ಕೈಕಾಲು ಬಾತು, ಒಸಡಿನಿಂದ, ಮೂತ್ರದಲ್ಲಿ ರಕ್ತ ಬರಬಹುದು. ಮಣ್ಯಾರದ ಕಥೆ ಬೇರೆ. ಅದು ರಾತ್ರಿ ಬಂದು ಮಲಗಿದವನನ್ನು ಕಡಿಯುತ್ತದೆ, ನೋವಿಲ್ಲ, ಗುರುತೂ ಸರಿಯಾಗಿ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಎತ್ತಲಾಗದು, ಮಾತು ತೊದಲು, ನುಂಗಲಾಗದು. ನೆಲದ ಮೇಲೆ ಮಲಗಿ ಎದ್ದವನ ರೆಪ್ಪೆ ಜೋತುಬಿದ್ದರೆ ಹಾವು ಕಂಡಿರದಿದ್ದರೂ ಹಾವೇ ಎಂದುಕೊಂಡು ಓಡಿ, ಅದೂ ಕೃತಕ ಉಸಿರಾಟದ ಯಂತ್ರ ಇರುವಲ್ಲಿಗೆ, ಮಿರಜಿಗೋ ಕೊಲ್ಲಾಪುರದ ಸಿಪಿಆರ್ ಆಸ್ಪತ್ರೆಗೋ.

ಕಡಿದ ಕೈಯನ್ನೋ ಕಾಲನ್ನೋ ಎಲುಬು ಮುರಿದಾಗ ಕಟ್ಟುವಂತೆ ಎರಡು ಕೋಲಿನ ನಡುವೆ ಸಡಿಲವಾಗಿ ಕಟ್ಟಿ ಅಲುಗಾಡದಂತೆ ಮಾಡಿ. ಉಂಗುರ, ಬಳೆ, ಕಾಲುಂಗುರ, ಕರಿದಾರ ತೆಗೆಯಿರಿ. ಕಡಿದ ಹೊತ್ತನ್ನು ನೆನಪಿಡಿ. ಮಾಡಬೇಕಾದದ್ದು ಮುಗಿಯಿತು. ಹಗ್ಗ ಬಿಗಿದರೆ ವಿಷ ನಿಲ್ಲುವುದಿಲ್ಲ, ಕಾಲು ಕೊಳೆಯುತ್ತದೆ. ಬ್ಲೇಡು ಹಾಕುವುದು, ಹೀರುವುದು, ಕೋಳಿ ಮರಿ ಇಡುವುದು, ಮೆಣಸಿನಕಾಯಿ ತಿನ್ನಿಸಿ ಖಾರ ಹತ್ತಿತೇ ಎಂದು ನೋಡುವುದು, ಗುಡಿಯ ಮುಂದೆ ಮಲಗಿಸುವುದು, ಇವೆಲ್ಲ ತಾಸು ತಿನ್ನುವ ಕೆಲಸಗಳು. ಕಡಿದದ್ದು ವಿಷದ ಹಾವಲ್ಲದಿದ್ದರೆ ಅಥವಾ ವಿಷ ಬಿಡದೆ ಕಡಿದಿದ್ದರೆ ಮಂತ್ರ ಹಾಕಿದವನು ಗೆಲ್ಲುತ್ತಾನೆ, ಅವನ ಹೆಸರು ಹತ್ತು ಹಳ್ಳಿಗೆ ಹಬ್ಬುತ್ತದೆ. ಹಾವನ್ನು ಕೊಂದು ಚೀಲದಲ್ಲಿ ತರುವುದೂ ಬೇಡ, ನಮ್ಮ ದೇಶದ ವಿಷನಿರೋಧಕ ಔಷಧ ಆ ನಾಲ್ಕಕ್ಕೂ ಒಂದೇ. ಗಾಡಿ ಸಿಗದಿದ್ದರೆ ಬೈಕಿನ ಮೇಲೆ ನಡುವೆ ಕೂರಿಸಿ, ಹಿಂದೊಬ್ಬ ಹಿಡಿದು ಕುಳಿತು ಹೊರಡಿ. ಈ ಒಂದು ಸಲ ತ್ರಿಬಲ್ ಸೀಟು ತಪ್ಪಲ್ಲ ಎಂದು ನನ್ನ ಅಭಿಪ್ರಾಯ.

ಚೇಳಿನ ಬಗ್ಗೆ ಒಂದೇ ಮಾತು. ಕೆಂಪು ಚೇಳು ಕಡಿದ ಮಗು ತಣ್ಣಗಾಗಿ ಬೆವರಿದರೆ, ವಾಂತಿ ಮಾಡಿದರೆ ಅದು ಬರೀ ಉರಿಯ ಪ್ರಶ್ನೆಯಲ್ಲ, ಹೃದಯಕ್ಕೆ ಬಂದ ಕುತ್ತು. ಕೊಂಕಣದ ಮಹಾಡದಲ್ಲಿ ಕೂತು ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ರಕ್ತದೊತ್ತಡದ ಅಗ್ಗದ ಮಾತ್ರೆ ಈ ಮಕ್ಕಳನ್ನು ಉಳಿಸುತ್ತದೆಂದು ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಪಟ್ಟಣದ ಪ್ರಯೋಗಾಲಯದಲ್ಲಿ ಅಲ್ಲ, ತಾಲ್ಲೂಕಿನ ದವಾಖಾನೆಯಲ್ಲಿ ನಡೆದ ಕೆಲಸ ಅದು.

ಹೊಳೆಯ ಮೋಟಾರಿನಿಂದ ಶಾಕ್ ಹೊಡೆಸಿಕೊಂಡವನನ್ನು ಕಂಡರೆ ಮುಟ್ಟಬೇಡಿ, ಮೊದಲು ಮೇನ್ ಇಳಿಸಿ. ಒದ್ದೆ ನೆಲದ ಮೇಲೆ ನಿಂತು ಕೋಲು ಹಿಡಿಯುವುದೂ ಅಪಾಯ. ಕಂಬದಿಂದ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗಲೇಬೇಡಿ, ವಿದ್ಯುತ್ ಕಚೇರಿಗೆ ಫೋನು ಮಾಡಿ ಲೈನು ಬಂದ್ ಮಾಡಿಸಿ. ಆಮೇಲೆ, ಉಸಿರಿಲ್ಲದಿದ್ದರೆ, ಎದೆ ಒತ್ತುವ ಕೆಲಸ.

ಲಕ್ವಾ ಹೊಡೆದದ್ದನ್ನು ಗುರುತಿಸಲು ಮೂರು ಪರೀಕ್ಷೆ. ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆಯೇ? ಎರಡೂ ಕೈ ಮುಂದೆ ಚಾಚಲು ಹೇಳಿ, ಒಂದು ಕೆಳಗೆ ಜಾರುತ್ತದೆಯೇ? ಒಂದು ವಾಕ್ಯ ಹೇಳಿಸಿ, ತೊದಲುತ್ತದೆಯೇ? ಈ ಮೂರನೆಯದರಲ್ಲಿ ಗಡಿಯ ಜನ ಒಂದು ಎಚ್ಚರ ವಹಿಸಬೇಕು. ನಮ್ಮ ಮುದುಕಿಯರು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಮರಾಠಿ ಶಾಲೆ ಕಲಿತ ಮೊಮ್ಮಗ ಮರಾಠಿಯಲ್ಲಿ ಕೇಳಿ, ಅಜ್ಜಿ ತಡವರಿಸಿದರೆ "ಮೊದಲಿಂದನೂ ಹಂಗ" ಎಂದು ಬಿಟ್ಟುಬಿಡಬಾರದು. ಅವರು ಮಗುವನ್ನು ಯಾವ ಮಾತಿನಲ್ಲಿ ತೂಗಿದರೋ ಆ ಮಾತಿನಲ್ಲಿ ಕೇಳಿ. ದವಾಖಾನೆಯಲ್ಲೂ ಹಾಗೆಯೇ, ಡಾಕ್ಟರಿಗೆ ಕನ್ನಡ ಬಾರದಿದ್ದರೆ ಬರುವವರೊಬ್ಬರು ಪಕ್ಕದಲ್ಲಿ ನಿಲ್ಲಬೇಕು. ಗಡ್ಡೆ ಕರಗಿಸುವ ಮದ್ದು ಕೊಡುವ ಅವಧಿ ಲಕ್ಷಣ ಶುರುವಾದ ನಾಲ್ಕೂವರೆ ತಾಸು. ಅದರೊಳಗೆ ಸಿ.ಟಿ. ಸ್ಕ್ಯಾನ್ ಆಗಿ, ಒಳಗೆ ರಕ್ತ ಒಡೆದಿಲ್ಲವೆಂದು ಖಚಿತವಾಗಬೇಕು. ಹಾಗಾಗಿ ಇಲ್ಲಿ ಆಸ್ಪಿರಿನ್ ಕೊಡಬೇಡಿ, ನೀರು ಕುಡಿಸಬೇಡಿ. "ಕಡೆಗೆ ಯಾವಾಗ ಚೆನ್ನಾಗಿದ್ದರು" ಎಂಬ ಹೊತ್ತು ಹೇಳಿ. ಲಕ್ವಾಕ್ಕೆ ಮದ್ದೆಂದು ಪಾರಿವಾಳದ ರಕ್ತ ಹಚ್ಚುವವರ ಊರಿಗೆ ಹೋಗುವ ಜೀಪುಗಳು ಮಿರಜಿನ ದಾರಿಯಲ್ಲೇ ಹಾದು ಹೋಗುತ್ತವೆ ಎಂಬುದು ನನಗೆ ಬಹಳ ಬೇಸರದ ಸಂಗತಿ.

ಫಿಟ್ಸು ಬಂದವನ ಬಾಯಿಗೆ ಚಮಚ ತುರುಕಬೇಡಿ, ಕೈಗೆ ಕೀಲಿ ಕೊಡಬೇಡಿ, ಚಪ್ಪಲಿ, ಉಳ್ಳಾಗಡ್ಡಿ ಮೂಸಿಸಬೇಡಿ. ಸುತ್ತಲಿನ ಕಲ್ಲು, ಕುರ್ಚಿ ಸರಿಸಿ, ಅದುರು ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿ. ಐದು ನಿಮಿಷ ಮೀರಿದರೆ 108. ಸಣ್ಣ ಮಕ್ಕಳ ಕೈಗೆ ಇಡೀ ಶೇಂಗಾಕಾಳು ಕೊಡಬೇಡಿ. ಗಂಟಲಿಗೆ ಸಿಕ್ಕಿ ಅಳಲೂ ಕೆಮ್ಮಲೂ ಆಗದಿದ್ದರೆ ಮುಂದೆ ಬಗ್ಗಿಸಿ ಬೆನ್ನಿನ ಎರಡು ಹೆಗಲೆಲುಬುಗಳ ನಡುವೆ ಐದು ಏಟು. ವರ್ಷ ದಾಟಿದವರಿಗೆ ಅದೂ ಆಗದಿದ್ದರೆ ಹಿಂದಿನಿಂದ ಅಪ್ಪಿ ಹೊಕ್ಕುಳ ಮೇಲೆ ಒಳಗೆ-ಮೇಲಕ್ಕೆ ಐದು ಸಲ ಜಗ್ಗು. ಬಾಯೊಳಗೆ ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ. ಬೆಲ್ಲದ ಗಾಣದಲ್ಲಿ ಕುದಿಯುವ ಪಾಕ ಸಿಡಿದರೆ ಅದು ನೀರಿನಂತೆ ಹರಿದುಹೋಗದೆ ಚರ್ಮಕ್ಕೆ ಅಂಟಿ ಸುಡುತ್ತಲೇ ಇರುತ್ತದೆ, ಇಪ್ಪತ್ತು ನಿಮಿಷ ಹರಿಯುವ ನೀರು ಬಿಡಿ. ಟೂತ್‌ಪೇಸ್ಟು, ಶಾಯಿ, ಬೆಣ್ಣೆ ಯಾವುದೂ ಬೇಡ.

ಕಡೆಯದಾಗಿ ರಸ್ತೆ. ಬಿದ್ದವನ ಗಾಯದಿಂದ ರಕ್ತ ಚಿಮ್ಮುತ್ತಿದ್ದರೆ ಟವೆಲು ಮಡಚಿ ಅದರ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನೆನೆದರೆ ಇನ್ನೊಂದನ್ನು ಮೇಲಿಡಿ, ಎತ್ತಿ ಎತ್ತಿ ನೋಡಬೇಡಿ. ಕೈಕಾಲು ಹಿಡಿದು ಜೋಲಿಯಂತೆ ಎತ್ತಿ ರಿಕ್ಷಾಕ್ಕೆ ತುಂಬಬೇಡಿ. ಕತ್ತಿನ ಎಲುಬು ಮುರಿದಿದ್ದರೆ ಆ ಎತ್ತಾಟದಲ್ಲಿಯೇ ಕೈಕಾಲು ಜನ್ಮಪೂರ್ತಿ ಹೋಗಬಹುದು. ಬೆಂಕಿಯೋ ಬರುವ ಗಾಡಿಗಳ ಭಯವೋ ಇಲ್ಲದಿದ್ದರೆ ತಲೆ-ಕತ್ತು ನೇರ ಹಿಡಿದು ಅಲ್ಲೇ ಕಾಯಿರಿ.

"ಮುಟ್ಟಿದರೆ ಪೊಲೀಸರ ಕಿರಿಕಿರಿ" ಎಂಬ ಹೆದರಿಕೆಗೆ ಈಗ ಆಧಾರವಿಲ್ಲ. ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ನೆರವಾದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗಳಿಗೆ ಒಪ್ಪಿಗೆ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 134-ಎ ಕಲಂ ಬಂತು. ಕರ್ನಾಟಕ ತನ್ನದೇ ಕಾಯ್ದೆಯನ್ನು ಮಾಡಿಕೊಂಡಿತು. ಸದುದ್ದೇಶದಿಂದ ನೆರವಾದವನ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ, ಆಸ್ಪತ್ರೆಯವರು ಅವನಿಂದ ಹಣ ಕೇಳುವಂತಿಲ್ಲ. 2025ರಿಂದ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದ ಚಿಕಿತ್ಸೆಯ ಯೋಜನೆಯೂ ಇದೆ. ನೆರವಾದವನಿಗೆ ಕೇಂದ್ರ ಸರಕಾರದ ಬಹುಮಾನ 25,000 ರೂಪಾಯಿ.

ಇಷ್ಟಾದರೂ ನಮ್ಮ ರಸ್ತೆಗಳ ಮೇಲೆ ಬೇಕಿಲ್ಲದ ಸಾವು ಒಂದಿದೆ. ಹಂಗಾಮಿನ ರಾತ್ರಿಗಳಲ್ಲಿ ಎರಡೆರಡು ಟ್ರಾಲಿ ಜೋಡಿಸಿ, ಹಿಂದೆ ದೀಪವಿಲ್ಲ, ಮಿಂಚುವ ಪಟ್ಟಿಯಿಲ್ಲ, ಅಗಲ ಮೀರಿ ಕಬ್ಬು ಚಾಚಿಕೊಂಡು ನಿಂತ ಟ್ರ್ಯಾಕ್ಟರಿಗೆ ಹಿಂದಿನಿಂದ ಬೈಕು ಹೋಗಿ ಬಡಿಯುತ್ತದೆ. ಆಮೇಲೆ ನಾನು ಹೇಳಿದ ಯಾವ ಉಪಾಯವೂ ಅವನಿಗೆ ಬೇಕಾಗುವುದಿಲ್ಲ. ದಸರೆಯ ಹೊತ್ತಿಗೆ ಕಾರಖಾನೆಗಳಲ್ಲಿ ಬಾಯ್ಲರ್ ಪೂಜೆ ಆಗುತ್ತದೆ. ಅದಕ್ಕೂ ಮೊದಲು, ಕಬ್ಬು ಹಾಕುವ ಸಭಾಸದ ರೈತರಾದ ನೀವು ಕಾರಖಾನೆಯ ಸಭೆಯಲ್ಲಿ ಎದ್ದು ನಿಂತು ಎರಡು ಬೇಡಿಕೆ ಇಡಿ. ಪ್ರತಿ ಟ್ರಾಲಿಯ ಹಿಂದೆ ಕೆಂಪು ಪಟ್ಟಿ ಅಂಟಿಸದೆ ಒಳಗೆ ಬಿಡಬಾರದು. ಟ್ರ್ಯಾಕ್ಟರ್ ಚಾಲಕರಿಗೆ ಮತ್ತು ಕಬ್ಬು ಕಡಿಯುವ ಟೋಳಿಗಳ ಮುಕಾದಮರಿಗೆ ಎದೆ ಒತ್ತುವುದನ್ನು, ಹಾವು ಕಡಿದಾಗ ಮಾಡಬೇಕಾದದ್ದನ್ನು ಅರ್ಧ ದಿನ ಕಲಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕರೆದರೆ ಬರುತ್ತಾರೆ. ಕನ್ನಡ ಗೊತ್ತಿರುವವರಿಗೆ ಕನ್ನಡದಲ್ಲಿ, ಮರಾಠಿ ಗೊತ್ತಿರುವವರಿಗೆ ಮರಾಠಿಯಲ್ಲಿ. ದರದ ಹೋರಾಟಕ್ಕೆ ಜಯಸಿಂಗಪುರದ ಮೈದಾನ ತುಂಬಿಸಿದ ರೈತರಿಗೆ ಇದು ದೊಡ್ಡ ಮಾತಲ್ಲ. ಈ ವರ್ಷವೇ ಕೇಳಿ.